ಎಲ್ಲಿಗೆ ಅಂತ ಕೇಳೋ ಡಬ್ಬಿ

ಹೊಂಟವರನ್ನ ಎಲ್ಲಿಗೆ ಅಂತ ಕೇಳಬಾರದು. ನಮ್ಮ ಬೆಟಗೇರಿಯೊಳಗ ಇದು ಸಣ್ಣ ಕೂಸಿಗೂ ಗೊತ್ತು. ಕಾಲ್ಮರಿ ಮೆಟ್ಟಿಕೊಂಡು ಹೊಸ್ತಿಲಾ ದಾಟಿದವನ್ನ ಯಾರರ ಎಲ್ಲಿಗೆ ಅಂದ್ರ ಮುಗೀತು, ಹೊಂಟ ಕೆಲಸ ಕೆಟ್ಟಂಗ. ಅವ ತಿರುಗಿ ಒಳಗ ಬಂದು, ಕುಂತು, ಒಂದು ಗುಟುಕು ನೀರು ಕುಡದು, ಆಮ್ಯಾಲೆ ಹೊಂಡಬೇಕು. ನಮ್ಮವ್ವ ಅಂತೂ ಹಂಗ ಕೇಳಿದವರ ಮಾರಿ ನೋಡಿ ಹಲ್ಲು ಕಡೀತಿದ್ಲು. ಕೇಳದ ಇರಾಕ ಆಗೂದ ಇಲ್ಲ ಅಂದ್ರ "ದೂರ ಹೊಂಟ್ರೇನ್ರಿ?" ಅನ್ನಬೇಕು. ಅದಕ್ಕ "ಇಲ್ಲೇ, ಹಿಂಗ ಹೋಗಿ ಬರ್ತೀನ್ರಿ" ಅನ್ನಬೇಕು. ಕೇಳಿದವರಿಗೆ ಏನೂ ತಿಳೀಲಿಲ್ಲ, ಹೇಳಿದವರಿಗೆ ಸುಳ್ಳು ಹೇಳಿದ ಪಾಪನೂ ಬರಲಿಲ್ಲ.

ನಾ ಬಾಡಿಗಿ ಕಾರ್ ಹೊಡೆಯೋ ಮನುಷ್ಯಾ. ನಮ್ಮಪ್ಪ ನೇಕಾರ, ಅವರಪ್ಪನೂ ನೇಕಾರ. ನನ್ನ ಕಾಲಕ್ಕ ಮಗ್ಗ ಹೊಟ್ಟಿ ತುಂಬಸೂದು ಬಿಟ್ಟಿತ್ತು, ನಾ ಸ್ಟೇರಿಂಗ್ ಹಿಡದೆ. ದವಾಖಾನಿಗೆ ಹೋಗೋರು, ನಾಗಾವಿಗೆ ಪಾಠ ಮಾಡಾಕ ಹೋಗೋರು, ಲಕ್ಷ್ಮೇಶ್ವರದ ಬಟ್ಟಿ ಅಂಗಡಿಯವರು, ಎಲ್ಲಾರೂ ನನ್ನ ಗಿರಾಕಿ. ಆದ್ರ ಖರೆ ಹೇಳಬೇಕಂದ್ರ ನನ್ನ ಮನಿ ನಡಿಸಿದವರು ಕನ್ಯಾ ನೋಡಾಕ ಹೋಗೋ ಮಂದಿ.

ಕನ್ಯಾ ನೋಡೋದಂದ್ರ ನಮ್ಮ ಕಡೆ ಕಳುವಿನ ಕೆಲಸ ಇದ್ದಂಗ. ಮಾತು ಪಕ್ಕಾ ಆಗೋ ತನಕ ಬಾಜೂ ಮನಿಯವರಿಗೂ ಗೊತ್ತಾಗಬಾರದು. ಯಾಕಂದ್ರ ಕೂಡಸೋರು ಒಬ್ಬರಿದ್ರ ಕೆಡಸೋರು ಓಣಿ ತುಂಬ ಇರ್ತಾರ. "ಹುಡುಗಿಗೆ ಮೂರ್ಛಿ ಬರತೈತಂತ" ಅಂತ ಒಬ್ಬ ಅಂದ್ರ ಸಾಕು, ಹೌದೋ ಅಲ್ಲೋ ಅಂತ ಕೇಳೋರ ಇಲ್ಲ. ಅದಕ್ಕ ದೇವರಿಗೆ ಹೊಂಟೀವಿ ಅಂತ ಹೇಳಿ ಹೊಂಡೋದು. ಮುಂಡರಗಿ ಕಡೆ ಸಂಬಂಧ ಇದ್ರ ಸಿಂಗಟಾಲೂರ ದೇವರು. ಓಣಿಯವರಿಗೆ ಕಾಣೋ ಹಂಗ ಟೆಂಗಿನಕಾಯಿ ಚೀಲ ಮುಂದ ಹಿಡಕೊಂಡ ಕಾರ್ ಹತ್ತತಾರ. ದೇವರ ಹೆಸರು ತಗೊಂಡ ಮ್ಯಾಲೆ ಹೋಗದ ಬಿಟ್ರ ಅವ ಬಿಟ್ಟಾನೇನು? ಅದಕ್ಕ ಖರೇನ ಹೊಳಿ ದಂಡಿಗೆ ಹೋಗಿ, ಕಾಯಿ ಒಡಿಸಿ, ಆಮ್ಯಾಲೆ ಕನ್ಯಾದ ಮನಿಗೆ. ಗಾಡೀನೂ ಅವರ ಬಾಗಲಾ ಮುಂದ ನಿಲ್ಲಸೂದಿಲ್ಲ, ಒಂದು ಓಣಿ ಈಚಿಗೆ. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರಲ್ಲ, ಆ ಸುಳ್ಳಿನಾಗ ಅರ್ಧ ಸುಳ್ಳಿಗೆ ಡೀಸೆಲ್ ಹಾಕಿದಾವ ನಾನ. ಮಂದಿ ನನ್ನ ಹುಡುಕ್ಕೊಂಡು ಬರೋದು ನಾ ಗಾಡಿ ಚಂದ ಹೊಡಿತೀನಿ ಅಂತಲ್ಲ, ಬಾಯಿ ಬಿಡೂದಿಲ್ಲ ಅಂತ. ನಾ ಸಿಟ್ಟಿನಾವ ಖರೆ, ಜಗಳಗಂಟ ಖರೆ, ಆದ್ರ ನನ್ನ ಹಿಂದಿನ ಸೀಟಿನ ಸುದ್ದಿ ನನ್ನ ಹೆಂಡ್ತಿಗೂ ಹೇಳಿಲ್ಲ. ಆಕಿ ಕೇಳಿ ಕೇಳಿ ಬ್ಯಾಸತ್ತು ಬಿಟ್ಟಾಳ.

ಈಗ ಇರೋ ಕಾರು ಮೊದಲ ನನ್ನ ಗೆಳೆಯಾಂದಿತ್ತು. ಶಿರಹಟ್ಟಿಯವ. ಗದಗಿನ ಸ್ಟ್ಯಾಂಡಿನ್ಯಾಗ ನನ್ನ ಬಾಜೂಕ ಗಾಡಿ ಹಚ್ಚತಿದ್ದ. ಅವಂಗ ಕನ್ಯಾ ತೋರಿಸಿದಾವನೂ ನಾನ. ನಮ್ಮ ಓಣಿ ಹುಡುಗಿ, ನಾ ಕಣ್ಣ ಮುಂದ ಬೆಳದದ್ದು ನೋಡಿದಾಕಿ, ನನ್ನ ಅಣ್ಣಾ ಅಂತ ಕರೀತಾಳ. ಇಬ್ಬರಿಗೂ ಒಂದು ಹೆಣ್ಣ ಕೂಸಾತು. ಕೂಸು ಶಾಲಿ ಮೆಟ್ಟಲಾ ಹತ್ತೋದ್ರೊಳಗ ಅವ ಹೋಗಿಬಿಟ್ಟ. ಎದಿ ನೋವು ಅಂತ ಕುಂತಾವ ಏಳಲಿಲ್ಲ. ಈಗ್ಲೂ ಸ್ಟ್ಯಾಂಡಿನ್ಯಾಗ ಅವ ನಿಲ್ಲೋ ಜಾಗಾ ನೋಡಿದ್ರ ನನಗ ಸಂಕಟ ಆಗತೈತಿ.

ಅವನ ಅಣ್ಣಂದು ಶಿರಹಟ್ಟಿಯೊಳಗ ಬೀಜ ಗೊಬ್ಬರದ ಅಂಗಡಿ. ಅವ ಕಾರು ಮಾರಾಕ ತಗದಾಗ, ಬ್ಯಾರೇದವರ ಕೈಗೆ ಯಾಕ ಹೋಗಬೇಕು ಅಂತ ನಾನ ತಗೊಂಡೆ. ಕಾಗದ ಪತ್ರ ಎಲ್ಲಾ ನನ್ನ ಹೆಸರಿಗೆ ಆತು. ಹಳದಿ ಬೋರ್ಡಿನ ಗಾಡಿಗೆ, ಗಾಡಿ ಎಲ್ಲೈತಿ ಅಂತ ತೋರಸೋ ಡಬ್ಬಿ ಹಾಕಸಬೇಕು ಅಂತ ನಿಯಮ ಐತಲ್ಲ, ಅದನ್ನ ಗೆಳೆಯಾ ಬದುಕಿದ್ದಾಗನ ಹಾಕಿಸಿದ್ದ. ಸ್ಟೇರಿಂಗ್ ಕೆಳಗ ಮೂಲ್ಯಾಗ ಕುಂತಿತ್ತು. ನಾ ಅದರ ಮಾರಿ ನೋಡಿದಾವಲ್ಲ.

ಗೆಳೆಯಾನ ಹೆಂಡ್ತಿ ಕೂಸಿನ್ನ ಕರಕೊಂಡು ಬೆಟಗೇರಿಗೆ, ತವರಮನಿಗೆ ಬಂದ್ಲು. ಸೀರಿಗೆ ಫಾಲ್ ಹಚ್ಚೋದು, ಜಂಪರ್ ಹೊಲಿಯೋದು ಹಚಗೊಂಡ್ಲು. ಶಿರಹಟ್ಟಿ ಬಿಡೋ ದಿವಸ ಆಕಿ ಭಾವ, ಅಂದ್ರ ಆ ಗೊಬ್ಬರದ ಅಂಗಡಿಯವ, ಎಲ್ಲಾರ ಮುಂದ ಒಂದು ಮಾತು ಅಂದಿದ್ದ. "ತವರಮನ್ಯಾಗ ಎಷ್ಟರ ದಿವಸ ಇರು, ನಾವು ಒಲ್ಲೆ ಅನ್ನೂದಿಲ್ಲ. ಆದ್ರ ಉಡಿಕಿ ಗಿಡಿಕಿ ಅಂತ ಎರಡನೇ ಮದುವಿ ಮಾತು ಕಿವಿಗೆ ಬಿತ್ತಂದ್ರ, ಕೂಸು ನಮ್ಮ ಮನಿದು. ತಂದು ಬಿಡಬೇಕು." ಕಾಯ್ದೆ ಏನ ಹೇಳತೈತೋ ದೇವರಿಗೆ ಗೊತ್ತು. ನಾಕ ಮಂದಿ ಹಿರೇರನ್ನ ಕರಕೊಂಡ ಬಂದು ಅವ ಕಟ್ಟಿ ಮ್ಯಾಲ ಕುಂತಾ ಅಂದ್ರ ಆಕಿ ಅಪ್ಪನ ಬಾಯಾಗಿಂದ ಒಂದು ಮಾತು ಹೊಂಡೂದಿಲ್ಲ. ಅಷ್ಟು ಸಾಧು ಮನುಷ್ಯಾ ಅವ.

ಹಿಂಗಿರುವಾಗ ಮುಂಡರಗಿಯಿಂದ ಒಂದು ಸಂಬಂಧದ ಮಾತು ಬಂತು. ಹಿಟ್ಟಿನ ಗಿರಣಿ ಇಟ್ಟಾವ, ಹೆಂಡ್ತಿ ತೀರಿಕೊಂಡಾಳ, ಮಕ್ಕಳಿಲ್ಲ. "ಕೂಸು ಸಂಗಾಟ ಬಂದ್ರ ನನಗ ಇನ್ನೂ ಚೊಲೋ, ಮನಿ ತುಂಬತೈತಿ" ಅಂತ ಹೇಳಿ ಕಳಿಸಿದ್ದ. ಅವನ ಅಕ್ಕನ ಮನ್ಯಾಗ ಕೂಡಿ ಮಾತಾಡೋದು ಅಂತಾತು. ಆಕಿ ಸೀದಾ ನನ್ನ ಹಂತೇಕ ಬಂದ್ಲು. "ಅಣ್ಣಾ, ನಿನ್ನ ಗಾಡ್ಯಾಗ ಆದ್ರ ಹೋಗತೀನಿ, ಇಲ್ಲಾಂದ್ರ ಇಲ್ಲ. ಶಿರಹಟ್ಟಿಗೆ ಸುಳಿವು ಹತ್ತಿದ್ರ ನನ್ನ ಕೂಸು ಹೋಗತೈತಿ" ಅಂದ್ಲು. "ಯವ್ವಾ, ನನ್ನ ಹೊಟ್ಟ್ಯಾಗ ಬಿದ್ದ ಮಾತು ಬಾವ್ಯಾಗ ಬಿದ್ದ ಕಲ್ಲು" ಅಂದೆ. ಎದಿ ಉಬ್ಬಿಸಿ ಅಂದಿದ್ದೆ.

ಎರಡು ಸರ್ತಿ ಹೋಗಿ ಬಂದ್ವಿ. ರಿವಾಜಿನ ಪ್ರಕಾರನ ಎಲ್ಲಾ ಮಾಡಿದ್ವಿ. ಟೆಂಗಿನಕಾಯಿ ಚೀಲ, ಓಣಿಯವರಿಗೆ "ಸಿಂಗಟಾಲೂರಿಗೆ ಹೋಗಿ ಬರ್ತೀವ್ರಿ", ಹೊಳಿ ದಂಡಿ, ಪ್ರಸಾದ, ಆಮ್ಯಾಲೆ ಮುಂಡರಗಿ, ಒಂದು ಓಣಿ ಈಚಿಗೆ ಗಾಡಿ. ಮೊದಲನೇ ಸರ್ತಿ ಆಕಿ ಮತ್ತ ಆಕಿ ಅಪ್ಪ. ಎರಡನೇ ಸರ್ತಿ ಕೂಸೂ ಬಂದಿತ್ತು. ಆ ಮನುಷ್ಯಾ ಕೂಸಿನ್ನ ಗಿರಣಿಗೆ ಕರಕೊಂಡು ಹೋಗಿ ಹಿಟ್ಟು ಬೀಳೋದು ತೋರಿಸಿದ್ದ. ಬರುವಾಗ ಕೂಸಿನ ಹುಬ್ಬು, ಮೂಗು ಎಲ್ಲಾ ಬೆಳ್ಳಗ. ಅದರ ಅವ್ವ ಕಾರಿನ್ಯಾಗ ಸೆರಗಿನಿಂದ ಒರಸಿದ್ದ ಒರಸಿದ್ದು, ಮತ್ತ ಆಗಾಗ ತಾನ ನಗತಿದ್ಲು. ಗಂಡ ಸತ್ತ ಮ್ಯಾಲೆ ಆಕಿ ಹಂಗ ನಕ್ಕಿದ್ದು ನಾ ನೋಡಿದ್ದಿಲ್ಲ. ಮೂರನೇ ಸರ್ತಿಗೆ ಹಿರೇರು ಕುಂತು ವೀಳ್ಯಾ ಬದಲ ಮಾಡಿ ಮಾತು ಪಕ್ಕಾ ಮಾಡೋದು ಅಂತ ದಿವಸ ಗೊತ್ತಾತು.

ಅದ ವಾರದಾಗ ಸ್ಟ್ಯಾಂಡಿನ್ಯಾಗ ಒಂದು ದೊಡ್ಡ ವಾದ ನಡೀತು. ಯಾರೋ ಮೊಬೈಲಿನ್ಯಾಗ ಸುದ್ದಿ ನೋಡಿದ್ರು. ಬ್ಯಾರೆ ದೇಶದಾಗ ರಸ್ತೆ ತೆರಿಗಿ ವರ್ಷದ ಲೆಕ್ಕಕ್ಕ ಇಸಗೊಳ್ಳೂದಿಲ್ಲಂತ, ಎಷ್ಟು ಕಿಲೋಮೀಟರ್ ಓಡಸ್ತಿ ಅಷ್ಟಕ್ಕ ಕಟ್ಟಬೇಕಂತ, ಅದನ್ನ ಗಾಡ್ಯಾಗಿನ ಡಬ್ಬಿನ ಎಣಸತೈತಂತ, ನಾಳೆ ನಮ್ಮಲ್ಲೂ ಬಂದ್ರೂ ಬಂತು ಅಂತ. ನನಗ ಅದು ಚೊಲೋ ಅನ್ನಿಸ್ತು. ಗಾಡಿ ರಿಪೇರಿಗೆ ಬಿದ್ದು ಗ್ಯಾರೇಜಿನ್ಯಾಗ ಕುಂತಾಗೂ ತೆರಿಗಿ ಕಟ್ಟೋದು ಯಾವ ನ್ಯಾಯ? ನಮ್ಮಪ್ಪ ನೇದಷ್ಟಕ್ಕ ಕೂಲಿ ತಗೋತಿದ್ದ, ನಾ ಓಡಿಸಿದಷ್ಟಕ್ಕ ತೆರಿಗಿ ಕೊಡ್ತೀನಿ. ಹಿಂಗಂತ ದೊಡ್ಡ ದನಿ ತಗದು ಹೇಳಿದೆ.

ನಮ್ಮ ಸ್ಟ್ಯಾಂಡಿನ ಎಲ್ಲಾರಿಗಿಂತ ಹಿರೇ ಡ್ರೈವರ್ ಒಬ್ಬ ಅದಾನ, ಯಾವ ಮಾತಿಗೂ ಅಡ್ಡ ಹಾಕೋ ಮನುಷ್ಯಾ. ಅವ ಗಿರ್ಮಿಟ್ ತಿನ್ನೋದು ಬಿಟ್ಟು, "ಲೇ ಹುಚ್ಚಪ್ಯಾಲಿ, ಎಷ್ಟು ಓಡಿದಿ ಅಂತ ಆ ಡಬ್ಬಿ ಎಣಸಬೇಕಾದ್ರ ಎಲ್ಲೆಲ್ಲಿ ಓಡಿದಿ ಅಂತ ಅದಕ್ಕ ಗೊತ್ತಿರಬೇಕಲ್ಲೋ" ಅಂದ.

"ಗೊತ್ತಾದ್ರ ಗೊತ್ತಾಗಲಿ ಬಿಡಪಾ. ನಾ ಏನ ಕಳ್ಳನ?"

"ನೀ ಕಳ್ಳಲ್ಲ. ಆದ್ರ ನಿನ್ನ ಹಿಂದ ಕುಂತವರ ಗುಟ್ಟು ನಿಮ್ಮಪ್ಪನ ಆಸ್ತಿ ಏನು, ಕೊಡಾಕ?"

ಎಲ್ಲಾರೂ ನಕ್ರು. ನನಗ ಮೈ ಉರೀತು. ಮುದುಕಗ ಅರವತ್ತಕ್ಕ ಅರಳು ಮರಳು ಅಂತ ಬೈದು ಎದ್ದು ಬಂದೆ.

ವೀಳ್ಯಾದ ಹಿಂದಿನ ದಿವಸ ಗಾಡಿ ಪಾಸಿಂಗ್, ಅಂದ್ರ ಆರ್‌ಟಿಓ ಕಚೇರ್ಯಾಗ ಗಾಡಿ ಸರಿ ಐತಿ ಅಂತ ಬರಸೋ ಕೆಲಸ ಇತ್ತು. ಪಾಸಿಂಗಿಗೆ ಹೋಗೋಕಿಂತ ಮೊದಲ ಡಬ್ಬಿ ಸರಿ ಐತಿಲ್ಲೋ ಅಂತ ಅದನ್ನ ಹಾಕೋ ಅಂಗಡಿಯೊಳಗ ತೋರಸಬೇಕು. ಅಂಗಡಿಯವ ಕಂಪ್ಯೂಟರಿನ್ಯಾಗ ಗಾಡಿ ನಂಬರ್ ಹೊಡದು, ಒಂದು ಫೋನ್ ನಂಬರ್ ಓದಿ, "ಇದು ನಿಮ್ದ ಹೌದಲ್ರಿ? ಈ ಫೋನಿಗೆ ನಿಮ್ಮ ಗಾಡಿ ದಿನಾ ಕಾಣತೈತಿ" ಅಂದ.

ಅದು ನನ್ನ ನಂಬರಲ್ಲ. ಸತ್ತ ಗೆಳೆಯಾಂದು. ನನ್ನ ಮೊಬೈಲಿನಾಗಿಂದ ಅದನ್ನ ಅಳಸಾಕ ಇನ್ನೂ ನನ್ನ ಕೈ ಬಂದಿಲ್ಲ, ಕಣ್ಣು ಮುಚ್ಚಿ ಹೇಳತೀನಿ ಆ ನಂಬರ್.

"ಆ ಮನುಷ್ಯಾ ಈಗಿಲ್ರಿ" ಅಂದೆ.

ಅಂಗಡಿಯವ ನನ್ನ ಮಾರಿ ನೋಡಿದ, ಕಂಪ್ಯೂಟರ್ ನೋಡಿದ. "ಹಂಗ್ಯಾಂಗ್ರಿ? ಇವತ್ತ ಮುಂಜಾನೇನೂ ತಗದು ನೋಡ್ಯಾರಲ್ಲ."

ಸ್ಟೂಲ್ ಎಳಕೊಂಡು ಅವನ ಕಂಪ್ಯೂಟರಿನ ಮುಂದ ಕುಂತೆ. ಎಲ್ಲೆಲ್ಲಿ ನಿಂತದ್ದು ಕಾಣತೈತಿ ಅಂತ ಕೇಳಿದೆ. ಅವ ತೋರಿಸಿದ. ಅಯ್ಯೋ ಶಿವನ! ಗದಗ, ಡಂಬಳ, ಸಿಂಗಟಾಲೂರು, ಮುಂಡರಗಿ. ಯಾವ ಓಣ್ಯಾಗ ನಿಂತೆ, ಎಷ್ಟೊತ್ತು ನಿಂತೆ, ಎಲ್ಲಾ ಗೆರಿ ಎಳದಂಗ ಐತಿ. ನಾವು ಟೆಂಗಿನಕಾಯಿ ಚೀಲ ತೋರಿಸಿ ಇಡೀ ಓಣಿ ಕಣ್ಣಿಗೆ ಮಣ್ಣು ಹಾಕಿದ್ವಿ, ಈ ಬೆಂಕಿ ಬಿದ್ದ ಡಬ್ಬಿ ನಮ್ಮ ಕಾಲ ಬುಡಕ್ಕ ಕುಂತು ಎಲ್ಲಾ ವರದಿ ಒಪ್ಪಿಸಿತ್ತು. ಸುಳ್ಳು ಹೇಳೋ ಡ್ರೈವರ್ ಸಿಗತಾನ, ಸುಳ್ಳು ಹೇಳೋ ಡಬ್ಬಿ ಎಲ್ಲಿ ಸಿಗಬೇಕು? ಹಂಗ ಬಡದು ಕಿತ್ತು ಒಗೀಬೇಕು ಅನ್ನಿಸ್ತು. ಕಿತ್ರ ಪಾಸಿಂಗ್ ಆಗೂದಿಲ್ಲ ಅಂದ ಅಂಗಡಿಯವ. ನಂಬರ್ ಬದಲ ಮಾಡಬೇಕಂದ್ರ ಹಳೇ ಫೋನಿಗೆ ಓಟಿಪಿ ಬರತೈತಂತ, ಆ ಫೋನ್ ಇದ್ದವರು ಅದನ್ನ ಓದಿ ಹೇಳಬೇಕಂತ. ಆ ಫೋನ್ ಇರೋದು ಶಿರಹಟ್ಟಿ ಮನ್ಯಾಗ.

ಬೆಟಗೇರಿಗೆ ಬಂದು ಆಕಿಗೆ ಹೇಳಿದೆ. ಹೇಳದ ಇರಾಕ ಆಗತೈತೇನು? ಆಕಿ ಮಷೀನಿನ ಮುಂದ ಕುಂತಿದ್ಲು, ಕೈಯಾಗಿನ ಅರಿವಿ ಜಾರಿ ಕೆಳಗ ಬಿತ್ತು. ಅಳಲಿಲ್ಲ. "ಎರಡು ಸರ್ತೀನೂ ಕಂಡೈತೇನಣ್ಣಾ?" ಅಂದ್ಲು. ಹೂಂ ಅಂದೆ. ಬಿದ್ದ ಅರಿವಿ ಎತ್ತಿ ಮಡಿಚಿಟ್ಟು, "ಹಂಗಾರ ನಾಳಿನ ಮಾತು ಬ್ಯಾಡ ಅಂತ ಹೇಳಿಬಿಡ್ರಿ. ಗಂಡ ಇಲ್ಲದ ಇರಾಕ ಬರತೈತಿ, ಕೂಸಿಲ್ಲದ ನನ್ನ ಕೈಲೆ ಆಗೂದಿಲ್ಲ" ಅಂದ್ಲು. ನನ್ನ ಮ್ಯಾಲೆ ಸಿಟ್ಟಾಗಿ ನಾಕ ಮಾತು ಬೈದಿದ್ರ ಆರಾಮ ಇರ್ತಿತ್ತು. "ಸಂಜಿ ತನಕ ತಡಿಯವಾ" ಅಂತ ಹೇಳಿ ಶಿರಹಟ್ಟಿ ರಸ್ತೆ ಹಿಡದೆ.

ಊಟದ ಹೊತ್ತು. ಗೆಳೆಯಾನ ಅಣ್ಣ ಆಗಷ್ಟ ಉಂಡು ಕಟ್ಟಿ ಮ್ಯಾಲ ಕುಂತು ಎಲಿಗೆ ಸುಣ್ಣ ಹಚ್ಚಾಕತ್ತಿದ್ದ. "ಬಾರಪಾ, ಕುಂಡ್ರು. ಗಾಡಿ ಚೊಲೋ ಓಡತೈತೇನು?" ಅಂದ. ಓಡತೈತ್ರಿ ಅಣ್ಣಾರ ಅಂದೆ. "ಎಲ್ಲೆಲ್ಲಿ ಸಿಗತಾವು ಬಾಡಿಗಿ?" ಅಂದ.

"ಇಲ್ಲೇರಿ, ಹಿಂಗ ಆ ಕಡೆ ಈ ಕಡೆ" ಅಂದೆ.

"ತಮ್ಮನ ಫೋನಿನ್ಯಾಗ ನಿನ್ನ ಗಾಡಿ ಕಾಣತೈತಂತಲ್ಲ. ನಮ್ಮವ್ವ ದಿನಾ ನೋಡ್ಕೋಂತ ಕುಂದ್ರತಾಳ. ನಾ ಎಂದರ ಇಲ್ಲಿ ಕೊಡು ನೋಡೂಣು ಅಂದ್ರ ಚಾರ್ಜ್ ಇಲ್ಲ ಅಂತಾಳ." ಅಷ್ಟು ಹೇಳಿ ಎಲಿ ಬಾಯಾಗ ಇಟಗೊಂಡು, ಚಪ್ಪಲ್ ಮೆಟ್ಟಿ ಅಂಗಡಿಗೆ ಹೊಂಟ. ನಾ ಎಲ್ಲಿಗೆ ಅನ್ನಲಿಲ್ಲ.

ಒಳಗ ಗೆಳೆಯಾನ ಅವ್ವ ಪಡಸಾಲ್ಯಾಗ ಕುಂತಿದ್ಲು. ಮಡಿಲಾಗ ಫೋನು. ಮೂರನೇತ್ತೆ ಓದಿದ ಮುದುಕಿ, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದತಾಳ. ನನ್ನ ನೋಡಿ, "ಬಾ ತಮ್ಮಾ, ನೀ ಮುಳಗುಂದ ನಾಕಾ ದಾಟಿದಾಗಿಂದ ನೋಡಾಕತ್ತೀನಿ. ಈ ಕಡೆ ಬರಾಕತ್ತೀ ಅಂತ ಚಾ ಇಡಸೀನಿ" ಅಂದ್ಲು. ಫೋನ್ ತಿರುಗಿಸಿ ತೋರಿಸಿದ್ಲು. ಅವರ ಮನಿ ಮುಂದ ಒಂದು ಸಣ್ಣ ಕಾರಿನ ಚಿತ್ರ ನಿಂತಿತ್ತು.

"ಮಗ ಹೋದ ಮ್ಯಾಲೆ ಇದು ಹಂಗ ಉಳೀತು. ಒಂದಿನ ಒತ್ತಿದೆ, ಗಾಡಿ ಓಡಾಡೋದು ಕಾಣ್ತು. ಅವನ ಹೊಂಟಾನ ಅನ್ನಿಸ್ತು. ಈಗ ಲಕ್ಷ್ಮೇಶ್ವರದಾಗ ಅದಾನ, ಈಗ ಗದಗಿಗೆ ಮುಟ್ಟಿದ, ಇನ್ನ ಉಣ್ಣಾಕ ಹೋಗತಾನ. ಹಂಗ ಅನ್ಕೋತ ಕುಂದ್ರತೀನಿ. ಹುಚ್ಚು ಅನ್ನು ನೀ."

ಇದರಾಗ ಹುಚ್ಚೇನೈತಬೇ ಅಂದೆ. ಆದ್ರ ನಾ ಕೇಳಾಕ ಬಂದದ್ದು ಮುಂಡರಗಿ ಮಾತು. ಹೆಂಗ ಕೇಳಬೇಕು ಅಂತ ನೆಲಾ ನೋಡ್ಕೋಂತ ಕುಂತೆ. ಆಕೀನ ಶುರು ಮಾಡಿದ್ಲು.

"ಮುಂಡರಗಿಗೆ ಎರಡು ಸರ್ತಿ ಹೋದಿ. ಸಿಂಗಟಾಲೂರ ಮ್ಯಾಲೆ ಸುತ್ತು ಹಾಕಿ ಹೋದಿ. ಒಂದ ಓಣ್ಯಾಗ ಸಂಜಿ ತನಕ ನಿಂತಿ. ಮಗಗ ಕನ್ಯಾ ನೋಡಿದಾಕಿ ನಾ, ಸುತ್ತು ಹಾಕಿ ಹೋಗೋ ಗಾಡಿ ಎಂಥಾ ಗಾಡಿ ಅಂತ ನನಗ ತಿಳಿಯೂದಿಲ್ಲೇನು? ಮೊದಲನೇ ಸರ್ತಿ ಅವತ್ತ ಮೊಮ್ಮಗಳಿಗೆ ಫೋನ್ ಹಚ್ಚಿದ್ರ, ಅವ್ವ ಸಿಂಗಟಾಲೂರಿಗೆ ಹೋಗ್ಯಾಳ ಅಂತು. ಎರಡನೇ ಸರ್ತಿ ನಾನೂ ಹೋಗಿದ್ದೆ ಅಜ್ಜಿ, ಗಿರಣ್ಯಾಗ ಹಿಟ್ಟು ಬೀಳೋದು ನೋಡಿದೆ ಅಂತು." ಮುದುಕಿ ಸ್ವಲ್ಪ ನಕ್ಕಳು. "ಗುಡ್ಯಾಗ ಗಿರಣಿ ಎಲ್ಲಿ ಬಂತೋ?"

"ಅಣ್ಣಾರಿಗೆ..." ಅಂದೆ.

"ಅವಗ ಹೇಳಿದ್ರ ನಿನ್ನ ಬಾ, ಕುಂಡ್ರು ಅಂತಿದ್ನೇನು ಅವ? ಅದಕ್ಕ ಚಾರ್ಜ್ ಇಲ್ಲ ಅಂತ ಹೇಳೋದು."

ನನ್ನ ಜೀವ ಜಾಗಕ್ಕ ಬಂತು. ಗಂಡು ಯಾರು, ಎಂಥಾವ, ಮನಿ ಹೆಂಗೈತಿ ಅಂತ ಆಕಿ ಕೇಳತಾಳ ಅಂತ ಕಾಯ್ದೆ. ಕೇಳಲಿಲ್ಲ. ನಾನ ತಡೀಲಾರದ, "ಮನುಷ್ಯಾ ಚೊಲೋ ಅದಾನಬೇ" ಅಂದುಬಿಟ್ಟೆ. ಮುದುಕಿ ಕೈ ಅಡ್ಡ ಹಿಡದು ನನ್ನ ಮಾತು ನಿಲ್ಲಿಸಿದ್ಲು.

"ಬ್ಯಾಡ ತಮ್ಮಾ. ಇಷ್ಟು ನೋಡಿದ್ದ ಹೆಚ್ಚಾತು. ಹೊಂಟವರನ್ನ ಎಲ್ಲಿಗೆ ಅಂತ ಕೇಳಬಾರದು. ನನ್ನ ಸೊಸಿ ಹೊಂಟಾಳ. ಹೋಗಲಿ."

ಬಂದ ಕೆಲಸ ಹೇಳಿದೆ. ಡಬ್ಬಿ ಅಂಗಡಿಯವಗ ಫೋನ್ ಹಚ್ಚಿದೆ. ಮುದುಕಿ ಫೋನಿಗೆ ಓಟಿಪಿ ಬಂತು. ಚಷ್ಮಾ ಏರಿಸ್ಕೊಂಡು, ಬೆರಳು ಇಟ್ಟು, ಒಂದೊಂದ ಅಂಕಿ ಬಿಡಿಸಿ ಬಿಡಿಸಿ ಓದಿದ್ಲು. ನಾ ಹಂಗ ಆ ಕಡೆ ಹೇಳಿದೆ. ಕಡೀ ಅಂಕಿ ಓದೋಕಿಂತ ಮೊದಲ ಒಂದು ಸರ್ತಿ ನಿಂತಳು, ಚಿತ್ರ ಇದ್ದ ಜಾಗಾ ನೋಡಿದ್ಲು, ಆಮ್ಯಾಲೆ ಓದಿದ್ಲು. ಕಾರಿನ ಚಿತ್ರ ಹೋತು. "ಇನ್ನ ಕಾಣೂದಿಲ್ಲೇನು?" ಅಂದ್ಲು. ಇಲ್ಲಬೇ ಅಂದೆ. ಫೋನ್ ಸೆರಗಿನಿಂದ ಒರಸಿ ಬಾಜೂಕ ಇಟ್ಲು. ಚಾ ಆರಿತ್ತು, ಇಬ್ಬರೂ ಕುಡದ್ವಿ.

ಹೊಂಡುವಾಗ ಬಾಗಲಾ ತನಕ ಬಂದ್ಲು. "ಅವ ಮನಿಗೆ ಬರುವಾಗ ಓಣಿ ಬಾಯಾಗ ಎರಡು ಸರ್ತಿ ಹಾರ್ನ್ ಹೊಡೀತಿದ್ದ" ಅಂದ್ಲು.

ಅವತ್ತ ಸಂಜಿಗೆ ಬೆಟಗೇರಿಗೆ ಬಂದು ಮುದುಕಿ ಅಂದ ಮಾತು ಆಕಿಗೆ ಹೇಳಿದೆ, ಮರುದಿನ ಮುಂಡರಗಿಯೊಳಗ ವೀಳ್ಯಾ ಆತು. ಮಾತು ಪಕ್ಕಾ ಆದ ಮ್ಯಾಲೆ ಮುಚ್ಚಿಡೋದೇನೈತಿ, ಮುದುಕಿ ನಮ್ಮ ಕಡೆ ಅದಾಳ ಅನ್ನೋ ಧೈರ್ಯದ ಮ್ಯಾಲೆ ಆಕಿ ಅಪ್ಪ ತಾನ ಶಿರಹಟ್ಟಿಗೆ ಹೋಗಿ ಹೇಳಿದ. ಗೊಬ್ಬರದ ಅಂಗಡಿಯವ ಹಾರಾಡಿದ, ಕೂಸು ತಂದು ಬಿಡ್ರಿ ಅಂದ, ಹಿರೇರನ್ನ ಕೂಡಿಸಿದ. ಮುದುಕಿ ಪಡಸಾಲ್ಯಾಗಿಂದ ಎದ್ದು ಹೊರಗ ಬಂದು, "ಹಡದಾಕಿ ನಾ ಇಲ್ಲಿ ಇನ್ನೂ ಮಗನ್ನ ಹುಡುಕಾಕತ್ತೀನಿ. ಆಕಿ ಕೂಸಿನ್ನ ಆಕಿ ಕಡಿಂದ ಕಸಗೋತೀರೇನು?" ಅಂದ್ಲಂತ. ಹಿರೇರು ಒಬ್ಬೊಬ್ಬರಾಗಿ ತಲಿ ಮ್ಯಾಲಿನ ಪಟಕಾ ಸರಿ ಮಾಡ್ಕೊಂಡು ಎದ್ರು. ಈಗ ಆ ಕೂಸು ಮುಂಡರಗಿ ಶಾಲ್ಯಾಗ ಓದಾಕತ್ತೈತಿ. ರಜಾಕ್ಕ ಶಿರಹಟ್ಟಿಗೆ ಬಿಟ್ಟು ಬರೋದು ನಂದ ಕೆಲಸ.

ಸ್ಟ್ಯಾಂಡಿನ ಮುದುಕಗ ನಾ ಸೋತೆ ಅಂತ ಹೇಳಿಲ್ಲ, ಹೇಳೂದೂ ಇಲ್ಲ. ಆದ್ರ ಆ ತೆರಿಗಿ ಮಾತು ಮತ್ತ ಬಂದಾಗ ನಾನ ಎದ್ದು ನಿಂತು, ಗಾಡ್ಯಾಗಿನ ಮೀಟರ್ ಎಷ್ಟು ಅಂತ ಹೇಳತೈತಿ, ಎಲ್ಲಿ ಅಂತ ಹೇಳೂದಿಲ್ಲ, ಅದನ್ನ ನೋಡಿ ಇಸಗೋರಿ ಅಂದೆ. ಮುದುಕ ಗಿರ್ಮಿಟ್ ತಿನ್ನೋದು ಬಿಡಲಿಲ್ಲ, ಮೀಸ್ಯಾಗ ನಕ್ಕ.

ಲಕ್ಷ್ಮೇಶ್ವರಕ್ಕ ಗಿರಾಕಿ ಇಳಿಸಿ ಖಾಲಿ ಗಾಡಿ ತಗೊಂಡು ಬರುವಾಗ ಶಿರಹಟ್ಟಿ ಊರೊಳಗ ಹೊಗತೀನಿ. ಓಣಿ ಬಾಯಾಗ ಎರಡು ಸರ್ತಿ ಹಾರ್ನ್ ಹೊಡೀತೀನಿ. ಮುದುಕಿ ಬಾಗಲಕ್ಕ ಬಂದು ನಿಲ್ಲತಾಳ. ನಾ ಎಲ್ಲಿಂದ ಬಂದೆ, ಎಲ್ಲಿಗೆ ಹೊಂಟೆ ಆಕಿಗೆ ಗೊತ್ತಿಲ್ಲ, ಕೇಳೂದೂ ಇಲ್ಲ. ನಾಳೆ ಕಿಲೋಮೀಟರಿಗೆ ಇಷ್ಟು ಅಂತ ತೆರಿಗಿ ಬಂದ್ರ ಆ ಸುತ್ತಿಗೂ ಕಟ್ಟತೀನಿ. ಯಾಕ ಸುತ್ತಿದಿ ಅಂತ ಮಾತ್ರ ಯಾವ ಮಗನೂ ನನ್ನ ಕೇಳಬಾರದು.